ಅಪ್ಪನ ದಾಡಿ ಬ್ರಷ್‌ಗೆ ಯಾವ ಹಿಡಿ ಹಾಕಿಸಲಿ?

ಪ್ರಶ್ನೆ (ಅಂಕೋಲಾದಿಂದ):
ಆಚಾರಿಯವರೇ, ನಮಸ್ಕಾರ. ನಮ್ಮ ಅಪ್ಪನಿಗೆ 78 ವರ್ಷ. ಇಂದಿಗೂ ಬ್ರಷ್‌ನಿಂದ ನೊರೆ ಎಬ್ಬಿಸಿಯೇ ದಾಡಿ ಮಾಡಿಕೊಳ್ಳುತ್ತಾರೆ. ಹೋದ ವರ್ಷ ಕೊಂಡ ಬ್ರಷ್‌ನ ಮರದ ಹಿಡಿ ಈ ಮಳೆಗಾಲದಲ್ಲಿ ಸೀಳಿತು. ಕೂದಲು ಚೆನ್ನಾಗಿದೆ, ಆದರೆ ಬುಡದಲ್ಲಿ ಅಲುಗಾಡುತ್ತಿದೆ. ಅಪ್ಪನ ಬೆರಳಿನ ಗಂಟುಗಳು ಬಿಗಿದಿರುವುದರಿಂದ ಹಿಡಿ ಕೈಯಿಂದ ಜಾರುತ್ತದೆ ಕೂಡ. ಹೊಸ ಹಿಡಿ ಪ್ಲಾಸ್ಟಿಕ್‌ನಂಥ ರೆಸಿನ್‌ದಾಗಿರಲೇ, ಲೋಹದ್ದೇ, ಮರದ್ದೇ? ಕರಾವಳಿಯ ಹವೆಗೆ ಮರ ಆಗುವುದೇ ಇಲ್ಲ ಎನ್ನುತ್ತಾರಲ್ಲ? ಚಿತ್ರ ಹಾಕಿದ್ದೇನೆ.

ಉತ್ತರ (ಶಿರಸಿ, ಲೇತ್ ಯಂತ್ರದಲ್ಲಿ ಮರ ಕಡೆಯುವ ಕೆಲಸ):
ತಂಗೀ, ಚಿತ್ರವನ್ನು ದೊಡ್ಡದು ಮಾಡಿ ನೋಡಿದೆ. ಸೀಳು ಹಿಡಿಯ ಬಾಯಿಯಿಂದ ಶುರುವಾಗಿ ಅರ್ಧ ಬೆರಳಿನಷ್ಟು ಕೆಳಗಿಳಿದಿದೆ. ಸೀಳಿನ ಒಳ ಅಂಚು ಕಪ್ಪಾಗಿದೆ, ಹೊರಗಿನ ಪಾಲಿಶ್ ಮಾತ್ರ ಇನ್ನೂ ಹೊಳೆಯುತ್ತಿದೆ. ಅಂದರೆ ಒಳಗೆ ತಿಂಗಳುಗಟ್ಟಲೆ ನೀರು ನಿಂತಿದೆ. ಹಿಡಿ ಮಾಡಿದವರು ಹೊರಮೈಗೆ ಪಾಲಿಶ್ ಕೊಟ್ಟು, ಕೂದಲ ಕಟ್ಟು ಕೂರುವ ಕುಳಿಗೆ ಏನೂ ಬಳಿಯದೆ ಬಿಟ್ಟಿದ್ದಾರೆ. ಮರವೆಂದರೆ ಉದ್ದುದ್ದ ಕೊಳವೆಗಳ ಕಟ್ಟು. ಕುಳಿಯ ತಳದಲ್ಲಿ ಆ ಕೊಳವೆಗಳ ಬಾಯಿ ತೆರೆದಿರುತ್ತದೆ, ನೀರನ್ನು ಅಲ್ಲಿಂದಲೇ ಹೀರುತ್ತದೆ. ನೀರು ಕುಡಿದ ಮರ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಬೆಳೆಯುವುದಿಲ್ಲ ಎಂದೇ ಹೇಳಬಹುದು. ಕೂದಲ ಕಟ್ಟನ್ನು ಹಿಡಿದಿರುವ ನಡುವಿನ ಅಂಟು ಮಾತ್ರ ಅದರ ಜೊತೆ ಹಿಗ್ಗುವುದಿಲ್ಲ. ದಿನಾ ಉಬ್ಬಿ ದಿನಾ ಕುಗ್ಗಿ ಕೊನೆಗೆ ಬಾಯಿ ಬಿಡುತ್ತದೆ.

ಹಾಗಾಗಿ ತಪ್ಪು ಕರಾವಳಿಯದೂ ಅಲ್ಲ, ಮರದ್ದೂ ಅಲ್ಲ. ತದಡಿ ಬಂದರಿನಲ್ಲಿ ಮರದ ದೋಣಿಗಳು ಉಪ್ಪುನೀರಿನಲ್ಲೇ ನಿಂತಿರುವುದನ್ನು ನೀವು ನೋಡಿರುತ್ತೀರಿ. ಕುಳಿಯ ಒಳಮೈ ಮತ್ತು ಹಿಡಿಯ ಅಡಿಗೆ ತೆಳು ಎಪಾಕ್ಸಿ (ಗಟ್ಟಿಯಾಗಿ ನೀರು ತಡೆಯುವ ಅಂಟು) ಎರಡು ಸಲ ಕುಡಿಸಿ, ಒಣಗಿದ ಮೇಲೆಯೇ ಕಟ್ಟನ್ನು ಕೂರಿಸಬೇಕು.

ಆದರೆ ಅಪ್ಪನ ವಿಷಯದಲ್ಲಿ ನಾನು ಮೊದಲು ಕೇಳುವುದು ಆಕಾರವನ್ನು. ಅಂಗಡಿಯ ಹಿಡಿಗಳ ಸೊಂಟ ಚೆಂದಕ್ಕೆಂದು ಸಣ್ಣದಾಗಿರುತ್ತದೆ. ಬಿಗಿದ ಬೆರಳು ಅಷ್ಟು ಮಡಚುವುದಿಲ್ಲ, ಸಾಬೂನು ತಾಗಿದರೆ ಹಿಡಿತವೇ ಇಲ್ಲ. ಒಂದು ಕೆಲಸ ಮಾಡಿ. ಚಪಾತಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ನಿಂಬೆಹಣ್ಣಿಗಿಂತ ತುಸು ದೊಡ್ಡ ಉಂಡೆ ಮಾಡಿ, ಬ್ರಷ್ ಹಿಡಿಯುವಂತೆಯೇ ಅಪ್ಪನಿಂದ ಹಿಡಿಸಿ. ಹೆಬ್ಬೆರಳು ಒತ್ತಿದಲ್ಲಿ ಗುಳಿ ಬೀಳುತ್ತದೆ. ಅದರ ಅಳತೆ ಕಳಿಸಿ.

ರೆಸಿನ್ ನೀರು ಕುಡಿಯುವುದಿಲ್ಲ, ಅದಕ್ಕೆ ಆರೈಕೆಯೂ ಬೇಡ. ನುಣ್ಣಗೆ ಪಾಲಿಶ್ ಮಾಡಿದರೆ ಜಾರುತ್ತದೆ ಅಷ್ಟೆ. ಲೋಹವನ್ನು ಅಪ್ಪನಿಗೆ ಬೇಡವೆನ್ನುತ್ತೇನೆ. ಭಾರ ಹೆಚ್ಚು, ಮಣಿಕಟ್ಟು ಬೇಗ ಸೋಲುತ್ತದೆ. ಅಲ್ಯುಮಿನಿಯಂ ಆದರೆ ನಿಮ್ಮೂರಿನ ಉಪ್ಪುಗಾಳಿಗೆ ಬಿಳಿ ಬೂಷ್ಟಿನಂತೆ ಮೈ ಬಿಡುತ್ತದೆ.

ಪ್ರಶ್ನೆ (ಅಂಕೋಲಾದಿಂದ):
ಹಿಟ್ಟು ಕಲಸುತ್ತೇನೆ. ಇನ್ನೊಂದು ಮಾತು. ಅಪ್ಪ ನೆಟ್ಟಿದ್ದ ಹಲಸಿನ ಮರ ಎರಡು ವರ್ಷದ ಹಿಂದೆ ಗಾಳಿಗೆ ಬಿತ್ತು. ಎರಡು ಇಂಚು ದಪ್ಪದ ಒಂದು ತುಂಡು ಉಳಿಸಿಕೊಂಡಿದ್ದೇವೆ. ಅದರಲ್ಲಿ ಆಗುತ್ತದೆಯೇ?

ಉತ್ತರ:
ಖಂಡಿತ ಆಗುತ್ತದೆ. ಹಲಸು ವೀಣೆಗೆ, ಮೃದಂಗಕ್ಕೆ ಬರುವ ಮರ. ಲೇತ್ ಮೇಲೆ ಉಳಿ ಇಟ್ಟರೆ ಅರಿಶಿನದ ಸುರುಳಿಯಂತೆ ಸಿಪ್ಪೆ ಬಿಡುತ್ತದೆ, ಆಮೇಲೆ ವರ್ಷವರ್ಷಕ್ಕೂ ಕಂದಾಗುತ್ತಾ ಹೋಗುತ್ತದೆ. ಬೀಟೆಯ ತುಂಡು ಹುಡುಕಿಕೊಂಡು ನೀವು ಅಲೆಯುವುದು ಬೇಡ.

ಒಣಗಿದೆಯೇ ಎಂಬುದೊಂದೇ ಪ್ರಶ್ನೆ. ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ನಮ್ಮವರ ಲೆಕ್ಕ. ಆದರೆ ನಮ್ಮ ಜಿಲ್ಲೆಯ ಮಳೆಗಾಲದ ನಾಲ್ಕು ತಿಂಗಳು ಮರ ಒಣಗುವ ಬದಲು ಹಸಿ ಎಳೆದುಕೊಳ್ಳುತ್ತದೆ. ಒಲೆಯ ಮೇಲಿನ ಅಟ್ಟವಿದ್ದರೆ ಅಲ್ಲಿಡಿ. ವಾರಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಮೂರು ವಾರ ತೂಕ ಇಳಿಯದೆ ನಿಂತರೆ ಹದಕ್ಕೆ ಬಂತೆಂದು ತಿಳಿಯಿರಿ.

ಕೂದಲ ಕಟ್ಟನ್ನು ಕಿತ್ತು ತೆಗೆಯಲು ಹೋಗಬೇಡಿ. ಬುಡದ ಅಂಟು ಬಿರಿದರೆ ಕೂದಲೆಲ್ಲ ಉದುರುತ್ತದೆ. ಹಳೆಯ ಹಿಡಿಯನ್ನು ನಾನೇ ಸೀಳಿ ಬಿಡಿಸಿಕೊಳ್ಳುತ್ತೇನೆ. ಕಟ್ಟಿನ ಬುಡಕ್ಕೆ ನೂಲು ಸುತ್ತಿ ಅಳೆದು ಕಳಿಸಿ, ಸಾಕು.

ಇನ್ನೊಬ್ಬ ಸದಸ್ಯರು (ಕಾರವಾರ):
ಗಂಧದ ಮರದ ಹಿಡಿ ಮಾಡಿಕೊಡುತ್ತೀರಾ? ನನ್ನ ಹಳೆಯ ಮರದ ಹಿಡಿಗೆ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ, ಸರಿಯೇ?

ಉತ್ತರ:
ಗಂಧ ಕೆತ್ತನೆ ಮಾಡುವ ಗುಡಿಗಾರರ ಉಳಿಗೆ ಸೇರಿದ್ದು. ಅದನ್ನು ದಿನಾ ಬಿಸಿನೀರಿನಲ್ಲಿ ತೊಳೆಯಲು ನನಗೆ ಮನಸ್ಸು ಬರುವುದಿಲ್ಲ. ರಸೀದಿಯಿಲ್ಲದ ಗಂಧವನ್ನು ಮುಟ್ಟುವುದೂ ಇಲ್ಲ. ಕೊಬ್ಬರಿ ಎಣ್ಣೆ ಮರದ ಮೇಲೆ ಒಣಗದು, ಜಿಡ್ಡಾಗಿ ಧೂಳು ಹಿಡಿಯುತ್ತದೆ. ಕಾಯಿಸಿದ ಅಗಸೆ ಎಣ್ಣೆ ಒಣಗಿ ಪದರ ಕಟ್ಟುತ್ತದೆ, ಅದನ್ನು ತೆಳ್ಳಗೆ ಹಚ್ಚಿ ಒರೆಸಿ. ಚನ್ನಪಟ್ಟಣದ ಗೊಂಬೆಗೆ ಕೊಡುವ ಅರಗಿನ ಬಣ್ಣ ಕಣ್ಣಿಗೆ ಹಬ್ಬವಾದರೂ ಇಲ್ಲಿಗೆ ಹೊಂದದು. ಅರಗು ಬಿಸಿಗೆ ಮೆತ್ತಗಾಗುತ್ತದೆ, ಸಾಬೂನಿನ ಕ್ಷಾರಕ್ಕೆ ಕರಗುತ್ತದೆ.

ಪ್ರಶ್ನೆ (ಅಂಕೋಲಾದಿಂದ):
ಅಪ್ಪ ಹಿಟ್ಟು ಹಿಡಿದರು. ಹೆಬ್ಬೆರಳ ಗುಳಿ ಇರುವಲ್ಲಿ ದಪ್ಪ 34 ಮಿಲಿಮೀಟರ್. ನೂಲಿನ ಸುತ್ತಳತೆ 75.

ಉತ್ತರ:
75ನ್ನು 3.14ರಿಂದ ಭಾಗಿಸಿದರೆ 24, ಅದೇ ಕುಳಿಯ ಅಳತೆ. ಸುತ್ತಲೂ ಐದೈದು ಮಿಲಿಮೀಟರ್ ಗೋಡೆ ಬಿಟ್ಟರೂ ನಿಮ್ಮ ತುಂಡು ಧಾರಾಳವಾಗಿ ಸಾಲುತ್ತದೆ. ಸೊಂಟ 34 ಇರಲಿ, ಅದರ ಕೆಳಗೆ ಅಂಗೈಗೆ ತಾಗುವಂತೆ ಗುಂಡಗೆ ಉಬ್ಬಿಸುತ್ತೇನೆ. ಹೊಳಪು ಕೊಡುವುದಿಲ್ಲ, ಮಂದ ಮೈಯೇ ಇರಲಿ. ತೂಕ ನಿಂತ ದಿನ ತುಂಡಿನ ಎರಡೂ ತುದಿಗೆ ಮೇಣ ಬಳಿದು ಕಳಿಸಿ. ಹಿಟ್ಟಿನ ಉಂಡೆಯನ್ನು ಎಸೆಯಬೇಡಿ, ನೆರಳಲ್ಲಿ ಒಣಗಿಸಿ ಅದನ್ನೂ ಜೊತೆಗಿಡಿ.