ಅಪ್‌ಡೇಟ್: ಎಫ್‌ಎಫ್ ಹಾಕಿದ್ರೆ 255 ಬದಲು -1 ಬರ್ತಿದ್ದಿದ್ದು ಸರಿಹೋಯ್ತು

ಮೊನ್ನೆ ಕೇಳಿದ್ನಲ್ಲ, ವಿಂಡೋಸ್ ಕ್ಯಾಲ್ಕುಲೇಟರ್‌ನ ಪ್ರೋಗ್ರಾಮರ್ ಮೋಡಲ್ಲಿ ಹೆಕ್ಸ್ (16ರ ಲೆಕ್ಕ, 9 ಆದ್ಮೇಲೆ ಎ ಅಂದ್ರೆ 10, ಹಂಗೇ ಎಫ್ ಅಂದ್ರೆ 15) ಸಾಲಿಗೆ ಎಫ್‌ಎಫ್ ಹಾಕಿದ್ರೆ ಡೆಸಿಮಲ್ಲಲ್ಲಿ (ನಮ್ಮ ಮಾಮೂಲಿ ಹತ್ತರ ಲೆಕ್ಕ) -1 ತೋರಿಸುತ್ತೆ ಅಂತ, ಅದು ಬಗೆಹರೀತು. ಅಕ್ಕನ ಮಗ ಇಲ್ಲೇ ಹಾಸನದಲ್ಲಿ ಡಿಪ್ಲೊಮಾ ಓದ್ತಿದಾನೆ, ಅವನಿಗೆ ಹೇಳ್ಕೊಡಕ್ಕೆ ಕೂತಾಗ ಸಿಕ್ಕಿದ್ದು ಇದು, ಕೈಲಿ ಲೆಕ್ಕ ಹಾಕಿದ್ರೆ 15×16+15, ಅಂದ್ರೆ 255 ಬರುತ್ತೆ, ಆದ್ರೆ ಮಷೀನ್ ಬೇರೆ ಹೇಳ್ತಿದೆ, ಹುಡುಗ ನನ್ನನ್ನ ನಂಬ್ಬೇಕೋ ಅದನ್ನ ನಂಬ್ಬೇಕೋ ಗೊತ್ತಾಗ್ದೆ ಕೂತಿದ್ದ.

ನಿನ್ನೆ ರಾತ್ರಿ ಮಳೆಗೆ ಕರೆಂಟ್ ಹೋಗಿತ್ತು, ಬ್ಯಾಟರಿಲೇ ನೋಡ್ದೆ. ನೀವು ಹೇಳ್ದಂಗೆ ಬಟನ್‌ಗಳ ಮೇಲ್ಗಡೆ ‘ಬೈಟ್’ ಅಂತಿತ್ತು, ಅದನ್ನ ಒತ್ತಿ ‘ಕ್ಯೂವರ್ಡ್’ (64 ಬಿಟ್, ಅಂದ್ರೆ 0 ಇಲ್ಲ 1 ಕೂರೋ 64 ಜಾಗ) ಮಾಡಿ ಮತ್ತೆ ಹಾಕಿದೆ, 255 ಬಂತು! ಬೈಟ್ ಅಂದ್ರೆ ಬರೀ 8 ಬಿಟ್, ಅದ್ರಲ್ಲಿ ಮೊದಲ ಬಿಟ್ 1 ಇದ್ರೆ ನೆಗೆಟಿವ್, ಹಂಗಾಗಿ -128ರಿಂದ 127ರವರೆಗೆ ಅಷ್ಟೇ ಜಾಗ, ಎಫ್‌ಎಫ್ ಅಂದ್ರೆ ಎಂಟೂ 1, ನೆಗೆಟಿವ್ ಎಷ್ಟು ಅಂತ ತಿಳಿಯಕ್ಕೆ ಎಲ್ಲ ತಿರುಗಿಸಿ (1 ಇದ್ದಿದ್ದು 0, 0 ಇದ್ದಿದ್ದು 1) ಒಂದು ಕೂಡಿಸಿದ್ರೆ 1, ಅದಕ್ಕೇ -1. ಹುಡುಗನೇ ಆಮೇಲೆ ಬೈಟ್‌ಗೆ ಹಾಕಿ 7ಎಫ್, 80 ಎರಡೂ ಟ್ರೈ ಮಾಡ್ದ, 127 ಆದ್ಮೇಲೆ ನೇರ -128. ನೋಡಿ ಅವನ ಮುಖ ಅರಳಿಬಿಡ್ತು, ನಂಗೂ ತುಂಬಾ ಖುಷಿ ಆಯ್ತು.

ಪಾಯಿಂಟ್ ಇರೋ ನಂಬರ್ ಮಾತ್ರ ಈ ಮೋಡಲ್ಲಿ ಆಗಲ್ಲ, 0.625ನ ಪೇಪರ್ ಮೇಲೇ ಎರಡರಿಂದ ಗುಣಿಸ್ತಾ ಹೋಗಿ ಬೈನರಿಲಿ (ಬರೀ 0, 1 ಇರೋ ಲೆಕ್ಕ) 0.101 ಮಾಡ್ಕೊಂಡ್ವಿ. ಹೇಳ್ಕೊಟ್ಟೋರಿಗೆಲ್ಲ ಥ್ಯಾಂಕ್ಸ್ ರೀ.