ಅಪ್‌ಡೇಟ್: ಓಬಿಡಿ ಪೋರ್ಟ್ ಸಿಕ್ಕಿತು, ದೋಷವೂ ತಿಳಿಯಿತು

ನನ್ನ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಚಿಹ್ನೆಯ ಹಳದಿ ದೀಪ ಆರುತ್ತಿಲ್ಲ, ದೋಷದ ಕೋಡ್ ಓದುವ ಸ್ಕ್ಯಾನರ್ ಜೋಡಿಸುವ ಓಬಿಡಿ ಪೋರ್ಟ್ ಎಲ್ಲಿದೆಯೆಂದೂ ತಿಳಿಯುತ್ತಿಲ್ಲ ಎಂದು ಕಳೆದ ವಾರ ಕೇಳಿದ್ದೆ. ಸ್ಟೀರಿಂಗ್ ಕೆಳಗೆ ಹುಡುಕಲು ಹೇಳಿದ ಎಲ್ಲರಿಗೂ ಕೃತಜ್ಞತೆಗಳು. ಸೀಟಿನಲ್ಲಿ ಕುಳಿತು ಬಗ್ಗಿದರೆ ಅದು ಕಾಣುವುದಿಲ್ಲ. ಬಾಗಿಲು ತೆರೆದು, ನೆಲಕ್ಕೆ ಮಂಡಿಯೂರಿ, ಟಾರ್ಚ್ ಹಿಡಿದು ಮೇಲಕ್ಕೆ ನೋಡಿದಾಗ, ಬಾನೆಟ್ ಲಿವರ್‌ನ ಪಕ್ಕದಲ್ಲಿ, ಎಂಟೆಂಟರಂತೆ ಎರಡು ಸಾಲಿನಲ್ಲಿ 16 ಪಿನ್‌ಗಳಿಗೆ ಜಾಗವಿರುವ, ಒಂದು ಬದಿ ಅಗಲ ಇನ್ನೊಂದು ಬದಿ ಕಿರಿದಾದ ಕಪ್ಪು ಸಾಕೆಟ್ ಕಂಡಿತು.

ಕೋಡ್‌ಗಳನ್ನು ಓದಿ ಮೊಬೈಲ್‌ಗೆ ಕಳಿಸುವ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೂ ಅದರ ದೀಪ ಹೊತ್ತಿಕೊಳ್ಳಲಿಲ್ಲ. 16ನೇ ಪಿನ್‌ಗೆ ಬ್ಯಾಟರಿಯಿಂದ ನೇರವಾಗಿ ವಿದ್ಯುತ್ ಬರಬೇಕು, 4 ಮತ್ತು 5 ಅರ್ತ್ ಆಗಿರುತ್ತವೆ. ಮಲ್ಟಿಮೀಟರ್ ಇಟ್ಟು ನೋಡಿದರೆ 16ರಲ್ಲಿ ವೋಲ್ಟೇಜೇ ಇರಲಿಲ್ಲ. ನನ್ನ ಕಾರಿನಲ್ಲಿ ಮೊಬೈಲ್ ಚಾರ್ಜಿಂಗ್ ಸಾಕೆಟ್‌ಗೂ ಈ ಪೋರ್ಟಿಗೂ ಒಂದೇ ಫ್ಯೂಸ್ ಇದ್ದು, ಅದು ಸುಟ್ಟುಹೋಗಿತ್ತು. ಅಷ್ಟೇ ಆಂಪಿಯರಿನ ಹೊಸ ಫ್ಯೂಸ್ ಹಾಕಿದ ಮೇಲೆ 12.4 ವೋಲ್ಟ್ ತೋರಿಸಿತು.

ಇಗ್ನಿಷನ್ ಆನ್ ಮಾಡಿ ಓದಿದಾಗ ಪಿ0302 ಎಂಬ ಕೋಡ್ ಬಂದಿತು, ಅಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್ (ಇಂಧನ ಸರಿಯಾಗಿ ಉರಿಯದಿರುವುದು). ಅದನ್ನು ಬರೆದಿಟ್ಟುಕೊಂಡ ಬಳಿಕವೇ ಅಳಿಸಿದೆ. ಕೋಡ್ ಸಿಲಿಂಡರನ್ನು ಹೇಳುತ್ತದೆಯೇ ಹೊರತು ಕೆಟ್ಟ ಭಾಗವನ್ನಲ್ಲ, ಆದ್ದರಿಂದ ಎರಡನೆಯ ಮತ್ತು ಮೂರನೆಯ ಸಿಲಿಂಡರುಗಳ ಇಗ್ನಿಷನ್ ಕಾಯಿಲ್‌ಗಳನ್ನು (ಕಿಡಿ ಹೊತ್ತಿಸಲು ಸ್ಪಾರ್ಕ್ ಪ್ಲಗ್‌ಗೆ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ) ಅದಲುಬದಲು ಮಾಡಿ ಓಡಿಸಿದಾಗ ಪಿ0303, ಅಂದರೆ ಮೂರನೇ ಸಿಲಿಂಡರಿನ ಮಿಸ್‌ಫೈರ್ ಬಂದು, ಕಾಯಿಲೇ ಕೆಟ್ಟಿದೆಯೆಂದು ಖಚಿತವಾಯಿತು. ಹೊಸ ಕಾಯಿಲ್ ಹಾಕಿ ನಾಲ್ಕು ದಿನವಾಯಿತು, ದೀಪ ಮತ್ತೆ ಹೊತ್ತಿಲ್ಲ. ಕಾರು ನಿಂತಿದ್ದಾಗಲೂ 16ನೇ ಪಿನ್‌ನಲ್ಲಿ ವಿದ್ಯುತ್ ಇರುವುದರಿಂದ, ಬ್ಯಾಟರಿ ಖಾಲಿಯಾಗದಿರಲೆಂದು ಅಡಾಪ್ಟರನ್ನು ಕಳಚಿಟ್ಟಿದ್ದೇನೆ.