ಸಂಸಾರ ಸಮೇತ ಉಪನಗರಕ್ಕೆ ಹೋಗುತ್ತಿದ್ದೇವೆ, ಸುರಕ್ಷಿತ ಊರು ಅಂತ ನೀವು ಹೇಗೆ ತೀರ್ಮಾನಿಸಿದಿರಿ?

ಕೆಲಸ ಬದಲಾಗಿದೆ. ಕೆಲವೇ ತಿಂಗಳಲ್ಲಿ ಮನೆ ಖಾಲಿ ಮಾಡಿ ದೊಡ್ಡ ನಗರವೊಂದರ ಪಕ್ಕದ ಉಪನಗರಕ್ಕೆ ಹೋಗಬೇಕು. ಶಾಲೆಗೆ ಹೋಗುವ ಇಬ್ಬರು ಮಕ್ಕಳು, ಜೊತೆಗೆ ವಯಸ್ಸಾದ ಅತ್ತೆ ಇದ್ದಾರೆ. ಮೂರು ಊರು ಮನಸ್ಸಿನಲ್ಲಿವೆ. ಆದರೆ ಒಂದು "ಸುರಕ್ಷಿತ ನಗರಗಳ ಪಟ್ಟಿ"ಯಲ್ಲಿ ಮೇಲಿರುವ ಊರು ಇನ್ನೊಂದರಲ್ಲಿ ಎಲ್ಲೋ ಕೆಳಗಿದೆ. ಯಾವುದನ್ನು ನಂಬುವುದು? ಹೀಗೆ ಹೋಗಿ ನೆಲೆಸಿದವರು ದಯವಿಟ್ಟು ಹೇಳಿ.

*

ಪಟ್ಟಿಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವು ಸುಳ್ಳು ಅಂತಲ್ಲ, ಒಂದೊಂದು ಪಟ್ಟಿಯ ಲೆಕ್ಕ ಒಂದೊಂದು ಥರ. ಒಂದರಲ್ಲಿ ಕೊಲೆ, ದರೋಡೆ, ಹಲ್ಲೆ ಮಾತ್ರ ಇದ್ದರೆ ಇನ್ನೊಂದರಲ್ಲಿ ಸೈಕಲ್ ಕಳ್ಳತನವೂ ಸೇರಿರುತ್ತದೆ.

ಅಪರಾಧದ ದರವನ್ನು ಸಾಮಾನ್ಯವಾಗಿ ಒಂದು ಲಕ್ಷ ಜನಕ್ಕೆ ಇಷ್ಟು ಅಂತ ಕೊಡುತ್ತಾರೆ ಅಲ್ವಾ, ಚಿಕ್ಕ ಊರುಗಳಲ್ಲಿ ಈ ಲೆಕ್ಕ ತುಂಬಾ ಏರುಪೇರಾಗುತ್ತದೆ. 20 ಸಾವಿರ ಜನರ ಊರಿನಲ್ಲಿ ವರ್ಷಕ್ಕೆ 10 ಹಲ್ಲೆ ನಡೆದರೆ ದರ 50. ಮರುವರ್ಷ ಐದೇ ಐದು ಜಾಸ್ತಿಯಾದರೆ ದರ 75ಕ್ಕೆ ಹಾರುತ್ತದೆ, ಊರೇ ಕೆಟ್ಟುಹೋಯಿತು ಅಂತ ಸುದ್ದಿ ಹಬ್ಬುತ್ತದೆ. ಹಾಗಾಗಿ ಐದು ವರ್ಷದ ಅಂಕಿಗಳನ್ನು ಸಾಲಾಗಿ ಇಟ್ಟುಕೊಂಡು ನೋಡಿ.

ದೊಡ್ಡ ಮಾಲ್, ರೈಲು ನಿಲ್ದಾಣ ಇರುವ ಉಪನಗರಕ್ಕೆ ದಿನವೂ ಹೊರಗಿನ ಜನ ಬರುತ್ತಾರೆ. ಅಲ್ಲಿ ಜೇಬು ಕತ್ತರಿಸಿದರೂ, ಅಂಗಡಿಯಿಂದ ಏನಾದರೂ ಕದ್ದರೂ ಅದೆಲ್ಲ ಆ ಊರಿನ ಲೆಕ್ಕಕ್ಕೇ ಬೀಳುತ್ತದೆ, ಆದರೆ ಭಾಗಿಸುವುದು ಅಲ್ಲಿ ವಾಸವಿರುವವರ ಸಂಖ್ಯೆಯಿಂದ ಮಾತ್ರ. ನಾವಿರುವುದು ಅಂಥದ್ದೇ ಊರಿನಲ್ಲಿ. ಪಟ್ಟಿಯಲ್ಲಿ ಅದರ ಸ್ಥಾನ ನೋಡಿದರೆ ಯಾರಿಗೂ ಬರುವ ಮನಸ್ಸಾಗಲಿಕ್ಕಿಲ್ಲ. ಆದರೆ ಕಳ್ಳತನಗಳೆಲ್ಲ ಮಾಲ್ ಸುತ್ತಲಿನ ಬೀದಿಗಳಲ್ಲಿ. ನಮ್ಮ ಕಡೆ ಕತ್ತಲಾಗುವವರೆಗೂ ಮಕ್ಕಳು ಹೊರಗೆ ಆಡುತ್ತಿರುತ್ತಾರೆ, ಮನೆಮನೆಯಲ್ಲೂ ಯಾರಾದರೊಬ್ಬರು ಬಾಗಿಲಲ್ಲಿ ಕೂತಿರುತ್ತಾರೆ. ಪೊಲೀಸರ ಅಪರಾಧ ನಕ್ಷೆ ಸಿಗುವ ಕಡೆ ಅದನ್ನು ಬೀದಿ ಕಾಣುವಷ್ಟು ಹಿಗ್ಗಿಸಿ ನೋಡಿ. ಊರು ಆರಿಸುವುದಕ್ಕಿಂತ ಬೀದಿ ಆರಿಸುವುದು ಮುಖ್ಯ ಅಂತ ನಾನು ಖಂಡಿತವಾಗಿ ಹೇಳುತ್ತೇನೆ. ಹಾಗೇ, ಜನ ದೂರು ಕೊಡದ ಕಡೆಯೂ ಅಂಕಿ ಕಡಿಮೆಯೇ ಇರುತ್ತದೆ, ಅದೂ ನೆನಪಿರಲಿ.

*

ಕಳ್ಳರ ಬಗ್ಗೆ ಎಲ್ಲರೂ ಕೇಳುತ್ತಾರೆ, ರಸ್ತೆ ಬಗ್ಗೆ ಕೇಳುವವರೇ ಕಡಿಮೆ. ಜಗತ್ತಿನಲ್ಲಿ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣ ರಸ್ತೆ ಅಪಘಾತ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಮಕ್ಕಳಿರುವವರು ಮೊದಲು ನೋಡಬೇಕಾದ್ದು ಇದನ್ನು ಅಕ್ಕಾ.

ಉಪನಗರದ ಮನೆ ಬೀದಿ ಶಾಂತವಾಗಿರುತ್ತದೆ, ಅದನ್ನು ನೋಡಿ ಮನಸ್ಸು ಸೋಲುತ್ತದೆ. ಬೀದಿ ಮುಗಿಯುತ್ತಿದ್ದಂತೆ ನಾಲ್ಕು ಲೇನಿನ ರಸ್ತೆ, ಶಾಲೆ ಅದರ ಆಚೆ ಬದಿಗೆ. ನಾವು ನೋಡಿದ ಒಂದು ಮನೆ ಹೀಗೇ ಇತ್ತು. ಶಾಲೆ ಬಿಡುವ ಹೊತ್ತಿಗೆ ಹೋಗಿ ಸಿಗ್ನಲ್ ಹತ್ತಿರ ನಿಂತೆವು. ಹಸಿರು ಬಂತು, ದೊಡ್ಡ ಹುಡುಗರು ಓಡಿ ದಾಟಿಕೊಂಡರು. ಭಾರದ ಬ್ಯಾಗ್ ಹೊತ್ತ ಒಂದು ಪುಟ್ಟ ಹುಡುಗಿ ನಡುರಸ್ತೆಗೆ ಬರುವಷ್ಟರಲ್ಲಿ ದೀಪ ಮಿನುಗತೊಡಗಿತು, ಮುಂದೆ ಹೋಗಲೋ ಹಿಂದೆ ಬರಲೋ ಗೊತ್ತಾಗದೆ ಅಲ್ಲೇ ನಿಂತುಬಿಟ್ಟಳು. ಮನೆ ಒಳಗೆ ಎಷ್ಟು ಚೆನ್ನಾಗಿದ್ದರೇನು, ಬೇಡ ಅಂತ ಅಲ್ಲೇ ನಿರ್ಧರಿಸಿದೆವು.

ವೇಗದ ಮಿತಿಯ ಫಲಕ ಓದಿ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಬರುವ ಕಾರು, ಚಾಲಕ ಬ್ರೇಕ್ ಒತ್ತಲು ಒಂದು ಸೆಕೆಂಡ್ ತೆಗೆದುಕೊಂಡರೂ ಅಷ್ಟರಲ್ಲಿ ಸುಮಾರು 14 ಮೀಟರ್ ಮುಂದೆ ಬಂದಿರುತ್ತದೆ. 30ರಲ್ಲಾದರೆ ಸುಮಾರು 8 ಮೀಟರ್. ಗುದ್ದಿದರೂ 30ರಲ್ಲಿ ಬದುಕುವ ಸಾಧ್ಯತೆ ತುಂಬಾ ಜಾಸ್ತಿ. ವೇಗ ತಗ್ಗಿಸಿ, ರಸ್ತೆಗಳ ವಿನ್ಯಾಸ ಬದಲಿಸಿದ ಊರುಗಳಲ್ಲಿ ಫಲ ಕಂಡಿದೆ. ನಾರ್ವೆಯ ರಾಜಧಾನಿ ಓಸ್ಲೋದಲ್ಲಿ ಜನಸಂಖ್ಯೆ 7 ಲಕ್ಷದ ಹತ್ತಿರ, 2019ರಲ್ಲಿ ಅಲ್ಲಿ ನಡೆದು ಹೋಗುವವರಾಗಲಿ ಸೈಕಲ್ ಸವಾರರಾಗಲಿ ಒಬ್ಬರೂ ರಸ್ತೆಯಲ್ಲಿ ಸಾಯಲಿಲ್ಲ. ನೀವು ಆರಿಸುವ ಊರಿನಲ್ಲಿ ಫುಟ್‌ಪಾತ್ ಮನೆಯಿಂದ ಶಾಲೆವರೆಗೆ ಕಡಿಯದೆ ಇದೆಯಾ? ಮಕ್ಕಳ ಜೊತೆ ನಡೆದೇ ನೋಡಿ, ಕಾರಿನಲ್ಲಿ ಕೂತರೆ ಇದು ತಿಳಿಯುವುದಿಲ್ಲ.

*

ಅತ್ತೆಯವರು ಜೊತೆಗಿದ್ದಾರೆ ಅಂದಿರಿ, ಅದಕ್ಕೆ ಬರೆಯುತ್ತಿದ್ದೇನೆ. ನಮ್ಮ ಮಾವನಿಗೆ ಹೃದಯದ ತೊಂದರೆ ಇತ್ತು. ಆಸ್ಪತ್ರೆ ಎಷ್ಟು ದೂರ ಅಂತ ಎಲ್ಲರೂ ಕೇಳುತ್ತಾರೆ, ಆಂಬುಲೆನ್ಸ್ ಎಷ್ಟು ಹೊತ್ತಿಗೆ ಮನೆ ಮುಂದೆ ಬರುತ್ತದೆ ಅಂತ ಕೇಳುವುದಿಲ್ಲ. ಹೃದಯ ನಿಂತುಹೋದಾಗ ಪಕ್ಕದಲ್ಲಿದ್ದವರು ಎದೆ ಒತ್ತದಿದ್ದರೆ, ಒಂದೊಂದು ನಿಮಿಷ ಕಳೆದಂತೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಆಂಬುಲೆನ್ಸ್ ಎಲ್ಲಿಂದ ಹೊರಡುತ್ತದೆ, ನಡುವೆ ರೈಲ್ವೆ ಗೇಟ್ ಇದೆಯಾ, ಸಂಜೆಯ ಟ್ರಾಫಿಕ್‌ನಲ್ಲಿ ಎಷ್ಟು ಹೊತ್ತಾಗುತ್ತದೆ, ವಿಚಾರಿಸಿ. ರಾತ್ರಿ ತೆರೆದಿರುವ ಮೆಡಿಕಲ್ ಶಾಪ್ ಇದ್ದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ದೊಡ್ಡವರೆಲ್ಲ ಎದೆ ಒತ್ತುವುದನ್ನು ಕಲಿತುಕೊಳ್ಳಿ, ಯಾವ ಊರಿಗೆ ಹೋದರೂ ಬೇಕಾಗುತ್ತದೆ.

*

ಪ್ರವಾಹದ ನಕ್ಷೆ ನೋಡಿದ್ದೀರಾ? "ನೂರು ವರ್ಷಕ್ಕೊಮ್ಮೆ ಬರುವ ಪ್ರವಾಹ" ಅಂದರೆ ನಮ್ಮ ಕಾಲದಲ್ಲಿ ಬರುವುದಿಲ್ಲ ಅಂತ ಸುಮ್ನೆ ಕೂರಬೇಡಿ. ಪ್ರತಿ ವರ್ಷವೂ ಶೇ. 1 ಸಾಧ್ಯತೆ ಅಂತ ಅದರ ಅರ್ಥ. 30 ವರ್ಷ ಅಲ್ಲೇ ಇದ್ದರೆ ಒಮ್ಮೆಯಾದರೂ ನೀರು ಬರುವ ಸಾಧ್ಯತೆ ಸುಮಾರು ಶೇ. 26. ಹೊಸ ಬಡಾವಣೆಗಳನ್ನು ಎಷ್ಟೋ ಕಡೆ ತಗ್ಗಿನಲ್ಲೇ ಕಟ್ಟಿರುತ್ತಾರೆ. ಜೋರು ಮಳೆ ಬಂದ ಮರುದಿನ ಹೋಗಿ ಕಾಂಪೌಂಡ್ ಗೋಡೆ ನೋಡಿ, ನೀರು ನಿಂತ ಗೆರೆ ಕಾಣುತ್ತದೆ.

*

ಮೇಲೆ ಬರೆದವರೆಲ್ಲರ ಮಾತೂ ಒಪ್ಪುತ್ತೇನೆ. ಗೇಟು, ಕ್ಯಾಮೆರಾ, ಎತ್ತರದ ಗೋಡೆ ನೋಡಿ ಮಾತ್ರ ಮರುಳಾಗಬೇಡಿ. ಗೋಡೆಯ ಒಳಗೆ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿಲ್ಲದಿದ್ದರೆ ಕಷ್ಟಕ್ಕೆ ಆಗುವವರು ಯಾರು? ನಮಗೆ ನೆರವಾದದ್ದು ಪಕ್ಕದ ಮನೆಯವರ ಪರಿಚಯವೇ. ಮನೆ ನೋಡಲು ಹೋದಾಗ ಆ ಬೀದಿಯ ಮೂರು ನಾಲ್ಕು ಜನರನ್ನು ಮಾತಾಡಿಸಿ. "ಇಲ್ಲಿ ಸೇಫಾ?" ಅಂತ ಕೇಳಿದರೆ ಎಲ್ಲರೂ ಹೌದು ಅಂತಲೇ ಹೇಳುತ್ತಾರೆ. "ನಿಮ್ಮ ಮಕ್ಕಳು ಎಷ್ಟು ಹೊತ್ತಿನವರೆಗೆ ಹೊರಗಿರುತ್ತಾರೆ, ಟ್ಯೂಷನ್‌ಗೆ ಒಬ್ಬರೇ ಹೋಗುತ್ತಾರಾ?" ಅಂತ ಕೇಳಿ, ಆಗ ನಿಜ ಗೊತ್ತಾಗುತ್ತದೆ. ಅಲ್ಲಿ ಬಹಳ ವರ್ಷದಿಂದ ಇರುವ ಹೆಂಗಸರನ್ನು ಕೇಳಿ, ರಾತ್ರಿ ಬಸ್ಸಿಳಿದು ಯಾವ ದಾರಿಯಲ್ಲಿ ಮನೆಗೆ ಬರುತ್ತಾರೆ, ಯಾವ ದಾರಿ ಬಿಡುತ್ತಾರೆ ಅಂತ. ಯಾವ ನಕ್ಷೆಯಲ್ಲೂ ಸಿಗದ ಮಾಹಿತಿ ಅದು.

ಮತ್ತೆ, ಹೋದ ಕೂಡಲೇ ಮನೆ ಕೊಳ್ಳಬೇಡಿ. ಮೊದಲ ವರ್ಷ ಬಾಡಿಗೆಗೆ ಇರಿ. ಮಧ್ಯದಲ್ಲಿ ಬಿಡಬೇಕಾಗಿ ಬಂದರೆ ಎಷ್ಟು ತಿಂಗಳ ನೋಟಿಸ್ ಕೊಡಬೇಕು ಅಂತ ಕರಾರಿನಲ್ಲಿ ಓದಿಕೊಂಡೇ ಸಹಿ ಹಾಕಿ.